ಮನವಿ ಯಾರ ಕೈಗೆ ಕೊಡಬೇಕು?

ರಾಯಬಾಗ ತಾಲ್ಲೂಕಿನ ಅಲಖನೂರದವರಿಗೆ ಕೇಂದ್ರದ ತೆರಿಗೆ ಭಾರವಾದರೆ ಮೊದಲು ನೆನಪಾಗುವುದು ಚಿಕ್ಕೋಡಿಯ ಸಂಸದರು. ಜಿಎಸ್‌ಟಿ ಮಟ್ಟಿಗೆ ಅದು ಅರ್ಧ ದಾರಿ ಮಾತ್ರ. ವಿಮೆ ಕಂತಿನ ತೆರಿಗೆ ರದ್ದಾದ ಕಥೆಯೇ ಇದಕ್ಕೆ ಸಾಕ್ಷಿ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಆರೋಗ್ಯ ವಿಮೆ ಮತ್ತು ಟರ್ಮ್ ಪಾಲಿಸಿಗೆ ಶೇ 18 ತೆರಿಗೆ ಬಿತ್ತು. 20,000 ರೂಪಾಯಿ ಕಂತಿಗೆ 3,600 ರೂಪಾಯಿ. ಉಳಿತಾಯವೂ ಸೇರಿದ ಎಂಡೋಮೆಂಟ್ ಪಾಲಿಸಿಗಾದರೆ ಮೊದಲ ವರ್ಷ ಶೇ 4.5, ನಂತರ ಶೇ 2.25. ಬಿಪಿಎಲ್ ಕುಟುಂಬಕ್ಕೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು, ಎಪಿಎಲ್‌ನವರಿಗೆ ವೆಚ್ಚದ ಒಂದು ಪಾಲಷ್ಟೇ. ಹೀಗಾಗಿ ಸ್ವಂತ ದುಡ್ಡಿನಲ್ಲಿ ಪಾಲಿಸಿ ಮಾಡಿಸುವ ಮಾಸ್ತರರು, ಗುಮಾಸ್ತರು, ಸಣ್ಣ ಅಂಗಡಿಯವರೇ ಈ ಹೊರೆ ಹೊತ್ತರು.

ಈ ತೆರಿಗೆ ತೆಗೆಯುವಂತೆ ನಾಗಪುರದ ಎಲ್‌ಐಸಿ ನೌಕರರ ಸಂಘ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರಿಗೆ ಮನವಿ ಕೊಟ್ಟಿತು. 2024ರ ಜುಲೈನಲ್ಲಿ ಗಡ್ಕರಿ ಅದನ್ನು ಉಲ್ಲೇಖಿಸಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದರು. ಆಗಸ್ಟ್‌ನಲ್ಲಿ ವಿರೋಧ ಪಕ್ಷಗಳ ಸಂಸದರು ಸಂಸತ್ತಿನ ಆವರಣದಲ್ಲಿ ಪ್ರತಿಭಟಿಸಿದರು. ಆದರೂ ದರ ಇಳಿಸುವ ವಿಷಯ ಹೋಗಬೇಕಾದದ್ದು ಜಿಎಸ್‌ಟಿ ಮಂಡಳಿಗೇ.

ಸಂವಿಧಾನದ 279ಎ ವಿಧಿಯಂತೆ ಮಂಡಳಿಯಲ್ಲಿ ಕೇಂದ್ರದ ಮತದ ತೂಕ ಮೂರನೇ ಒಂದು, ರಾಜ್ಯಗಳದ್ದು ಮೂರನೇ ಎರಡು. ನಿರ್ಣಯಕ್ಕೆ ನಾಲ್ಕನೇ ಮೂರರಷ್ಟು ಬೆಂಬಲ ಬೇಕು. ಕೇಂದ್ರ ಒಪ್ಪದೆ ಏನೂ ಆಗದು. ರಾಜ್ಯಗಳನ್ನು ಬಿಟ್ಟು ಕೇಂದ್ರವೂ ಏನೂ ಮಾಡಲಾರದು.

2024ರ ಸೆಪ್ಟೆಂಬರ್‌ನಲ್ಲಿ ಮಂಡಳಿ ವಿಷಯವನ್ನು ಸಚಿವರ ಸಮಿತಿಗೆ ಒಪ್ಪಿಸಿತು. ಬಿಹಾರದ ಸಾಮ್ರಾಟ್ ಚೌಧರಿ ಅದರ ಮುಖ್ಯಸ್ಥರಾಗಿದ್ದರು. ಕರ್ನಾಟಕದಿಂದ ಕೃಷ್ಣ ಬೈರೇಗೌಡ ಸದಸ್ಯರಾಗಿದ್ದರು. ಡಿಸೆಂಬರ್‌ನ ಜೈಸಲ್ಮೇರ್ ಸಭೆಯಲ್ಲಿ ನಿರ್ಧಾರ ಮುಂದಕ್ಕೆ ಹೋಯಿತು. 2025ರಲ್ಲಿ ಒಟ್ಟಾರೆ ದರ ಇಳಿಕೆಯ ಪ್ರಸ್ತಾವ ಬಂದಾಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳು ಖೋತಾ ಆಗುವ ವರಮಾನಕ್ಕೆ ಪರಿಹಾರ ಕೇಳಿದವು. ಜನರಿಗೆ ಉಳಿಯುವ ಹಣ ರಾಜ್ಯದ ಬೊಕ್ಕಸಕ್ಕೆ ಕೊರತೆ. ಆ ಲೆಕ್ಕವನ್ನು ಬದಿಗಿಟ್ಟು ಬರೆದ ಮನವಿಗೆ ಮಂಡಳಿಯಲ್ಲಿ ಬಲವಿಲ್ಲ.

ಕೊನೆಗೆ 2025ರ ಸೆಪ್ಟೆಂಬರ್ 3ರಂದು ಮಂಡಳಿ ಒಪ್ಪಿತು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳಿಗೆ ಜಿಎಸ್‌ಟಿ ಇಲ್ಲ. ಆದರೆ ವಿನಾಯಿತಿಯ ಜೊತೆಗೆ ಕಂಪನಿಗಳಿಗೆ ಬಾಡಿಗೆ, ಕಮಿಷನ್ ಮುಂತಾದವುಗಳ ಮೇಲೆ ಸಿಗುತ್ತಿದ್ದ ಹೂಡುವಳಿ ತೆರಿಗೆ ಜಮೆಯೂ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ನಿಂತಿದೆ. ಆ ನಷ್ಟ ಮೂಲ ಕಂತಿಗೆ ಸೇರದಂತೆ ಗ್ರಾಹಕರು ಕಣ್ಣಿಡಬೇಕು.

ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ. ಅದಕ್ಕಾಗಿ ಮನವಿ ಬರೆಯುವವರು ಒಂದು ಪ್ರತಿಯನ್ನು ಸಂಸದರಿಗೆ ಕೊಡಲಿ. ಇನ್ನೊಂದನ್ನು ಶಾಸಕರ ಮೂಲಕ, ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕೂರುವ ಸಚಿವರಿಗೆ ಮುಟ್ಟಿಸಲಿ.