ಬೆಳಕಿನ ತಂತಿಯೂ ಮನೆಯ ರೂಟರೂ

ಒಂದು ಕಾಲಕ್ಕೆ ರಸ್ತೆ, ಅಂಚೆ ಮತ್ತು ತಂತಿಗಳಿಗೆ ಇದ್ದ ಸ್ಥಾನವನ್ನು ಇಂದು ಅಂತರ್ಜಾಲವು ಪಡೆದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಹಣಿಯ ಪ್ರತಿ, ಅಡಿಕೆಯ ಧಾರಣೆ ಇವೆಲ್ಲವೂ ಅದರ ಮೂಲಕವೇ ನಮ್ಮನ್ನು ತಲಪುತ್ತಿವೆ. ೨೦೨೦ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ವಿದ್ಯಾಲಯಗಳು ಮುಚ್ಚಿದಾಗ, ಮಲೆನಾಡಿನ ವಿದ್ಯಾರ್ಥಿಗಳು ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದುದನ್ನು ನಾವು ಯಾರೂ ಮರೆತಿಲ್ಲ. ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಲವು ಮನೆಗಳಿಗೆ ಫೈಬರ್ ಬಂದಿರುವುದು ಆದಕಾರಣ ಸಂತೋಷದ ವಿಷಯ.

ಆದರೆ ಫೈಬರ್ ಬಂದ ಮಾತ್ರಕ್ಕೆ ತೊಂದರೆ ತೀರುವುದಿಲ್ಲ. ಕಂಪೆನಿಯವರು ಜಗಲಿಯ ಗೋಡೆಗೆ ಒಂದು ಪೆಟ್ಟಿಗೆಯನ್ನು ಹೊಡೆದು ಹೋಗುತ್ತಾರೆ. ಜಗಲಿಯಲ್ಲಿ ವೈಫೈ ಚೆನ್ನಾಗಿಯೇ ಇರುತ್ತದೆ. ನಡುಮನೆ ದಾಟಿದರೆ ಮಾಯ! “ನಾವೇ ಒಂದು ಒಳ್ಳೆಯ ರೂಟರನ್ನು ಕೊಂಡು ಜೋಡಿಸಬಹುದೇ? ಅದಕ್ಕೆ ಕಂಪೆನಿಯವರ ಅಪ್ಪಣೆ ಬೇಕೇ?” ಎಂದು ಸಹಪಾಠಿಗಳು ಅನೇಕರು ನನ್ನನ್ನು ಕೇಳಿರುವರು. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು, ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೂ ನಮ್ಮ ಮನೆಯಲ್ಲಿ ಈ ಕೆಲಸವನ್ನು ಮಾಡಿರುವೆನಾದ್ದರಿಂದ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಫೈಬರ್ ಎಂದರೇನೆಂಬುದನ್ನು ನೋಡೋಣ. ಅದು ಗಾಜಿನ ಎಳೆ. ಅದರ ನಡುವೆ ಬೆಳಕು ಹರಿಯುವ ತಿರುಳಿನ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ೯ ಪಾಲು. ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನು ಸಾಗಿಸಬಹುದೆಂದು ೧೯೫೪ರಲ್ಲಿ ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರೂ ಒಬ್ಬರೆಂಬುದು ಭಾರತೀಯರಿಗೆ ಹೆಮ್ಮೆಯ ಮಾತು. ಗಾಜು ಸಾಕಷ್ಟು ಶುದ್ಧವಾಗಿದ್ದರೆ ಈ ಎಳೆಯಿಂದ ಬಹುದೂರಕ್ಕೆ ಸುದ್ದಿ ಕಳುಹಿಸಬಹುದೆಂದು ೧೯೬೬ರಲ್ಲಿ ಪ್ರತಿಪಾದಿಸಿದವರು ಚಾರ್ಲ್ಸ್ ಕಾವೊ. ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಮನೆಮನೆಗೆ ಫೈಬರ್ ಕೊಡುವಲ್ಲಿ ಹೆಚ್ಚಾಗಿ ಬಳಸುವುದು ಜೀಪಾನ್ ಎಂಬ ಪದ್ಧತಿ. ಪೇಟೆಯ ಕೇಂದ್ರದಿಂದ ಹೊರಟ ಒಂದೇ ಎಳೆಯು ದಾರಿಯಲ್ಲಿ ೩೨ ಅಥವಾ ೬೪ ಕವಲುಗಳಾಗಿ ಒಡೆಯುತ್ತದೆ. ಕವಲೊಡೆಯುವ ಸ್ಥಳದಲ್ಲಿ ವಿದ್ಯುತ್ತು ಬೇಕಿಲ್ಲ. ಬೆಳಕು ತಾನಾಗಿಯೇ ಹಂಚಿಹೋಗುತ್ತದೆ. ಕೇಂದ್ರದಿಂದ ಮನೆಗೆ ಸೆಕೆಂಡಿಗೆ ಸುಮಾರು ೨.೫ ಗಿಗಾಬಿಟ್, ಮನೆಗಳಿಂದ ಕೇಂದ್ರಕ್ಕೆ ಅದರ ಅರ್ಧದಷ್ಟು ಸಾಗಬಲ್ಲುದು. ಇದನ್ನು ಆ ಕವಲಿನ ಮನೆಗಳೆಲ್ಲ ಹಂಚಿಕೊಳ್ಳಬೇಕು. ಹೋಗುವ ಬೆಳಕಿನ ಅಲೆಯುದ್ದ ಬೇರೆ, ಬರುವುದರದು ಬೇರೆ. ಆದ್ದರಿಂದ ಒಂದೇ ಎಳೆಯಲ್ಲಿ ಎರಡೂ ಡಿಕ್ಕಿಯಿಲ್ಲದೆ ಸಾಗುತ್ತವೆ.

ನಮ್ಮ ಸೀಮೆಯವರಿಗೆ ಇದನ್ನು ಅಬ್ಬಿ ನೀರಿನ ದೃಷ್ಟಾಂತದಿಂದ ಹೇಳಬಹುದು. ಗುಡ್ಡದ ಒರತೆಯ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬಂದು ಬೀಳುತ್ತದಷ್ಟೆ. ತೊಟ್ಟಿಯವರೆಗಿನ ದಾರಿ ಹಲವು ಮನೆಗಳ ಸಂಬಂಧದ್ದು, ಅದನ್ನು ಒಬ್ಬನೇ ತಿರುಗಿಸುವಂತಿಲ್ಲ. ತೊಟ್ಟಿಗೆ ಬಿದ್ದ ನೀರನ್ನು ಬಚ್ಚಲಿಗೋ, ಕೊಟ್ಟಿಗೆಗೋ ಯಾವ ಕೊಳವೆಯಿಂದ ಒಯ್ಯಬೇಕೆಂಬುದು ಮನೆಯವನ ಇಚ್ಛೆ. ಫೈಬರಿನಲ್ಲಿ ಈ ತೊಟ್ಟಿಯ ಸ್ಥಾನದಲ್ಲಿರುವುದೇ ಓ.ಎನ್.ಟಿ. ಎಂಬ ಪೆಟ್ಟಿಗೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಅದರ ಕೆಲಸ. ಅದರ ಕ್ರಮಸಂಖ್ಯೆಯು ಕೇಂದ್ರದಲ್ಲಿ ನೋಂದಣಿಯಾಗಿರುವುದರಿಂದ ಅದನ್ನು ಕಿತ್ತು ಅಂಗಡಿಯಿಂದ ತಂದ ಇನ್ನೊಂದನ್ನು ಸಿಕ್ಕಿಸಿದರೆ ನಡೆಯದು. ರೂಟರಿನ ಕೆಲಸವೇ ಬೇರೆ: ಬಂದ ಸಂಪರ್ಕವನ್ನು ಮನೆಯ ಫೋನು, ಕಂಪ್ಯೂಟರುಗಳಿಗೆ ಹಂಚುವುದು. ಕಂಪೆನಿಯವರು ಕೊಡುವ ಪೆಟ್ಟಿಗೆಯಲ್ಲಿ ಅನೇಕ ವೇಳೆ ಈ ಎರಡೂ ಒಂದೇ ಹೊದಿಕೆಯೊಳಗಿರುವುದರಿಂದ ಜನರಿಗೆ ಭ್ರಾಂತಿಯುಂಟಾಗುತ್ತದೆ. ಮೊದಲನೆಯದನ್ನು ಮುಟ್ಟದೆ ಎರಡನೆಯದನ್ನು ಮಾತ್ರ ನಮ್ಮದಾಗಿ ಮಾಡಿಕೊಳ್ಳುವುದೇ ಈ ಲೇಖನದ ವಿಷಯ. ಅದಕ್ಕೆ ಮೂರು ಮಾರ್ಗಗಳುಂಟು.

ಮೊದಲನೆಯದು ಅತಿ ಸುಲಭ. ಓ.ಎನ್.ಟಿ.ಯ ‘ಲ್ಯಾನ್’ ರಂಧ್ರದಿಂದ ನಮ್ಮ ರೂಟರಿನ ‘ವ್ಯಾನ್’ ರಂಧ್ರಕ್ಕೆ ಒಂದು ಕೇಬಲ್ ಎಳೆದು, ರೂಟರಿನಲ್ಲಿ ‘ಡೈನಾಮಿಕ್ ಐಪಿ’ ಎಂಬುದನ್ನು ಆರಿಸಿದರಾಯಿತು. ಯಾರ ಅಪ್ಪಣೆಯೂ, ಪಾಸ್‌ವರ್ಡೂ ಬೇಡ. ಆದರೆ ಎರಡು ಪೆಟ್ಟಿಗೆಗಳೂ ೧೯೨.೧೬೮.೧.೧ ಎಂಬ ಒಂದೇ ವಿಳಾಸವನ್ನು ಇಟ್ಟುಕೊಂಡಿದ್ದರೆ ಗೊಂದಲವಾಗುವುದು. ಆಗ ನಮ್ಮದನ್ನು ೧೯೨.೧೬೮.೨.೧ ಎಂದು ಬದಲಿಸಬೇಕು. ವಿಳಾಸದ ಪರಿವರ್ತನೆ ಎರಡು ಸಲ ನಡೆಯುವುದರಿಂದ ಕೆಲವು ಆಟಗಳಿಗೂ, ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವುದಕ್ಕೂ ಅಡ್ಡಿಯಾಗಬಹುದು. ಪಾಠ ಕೇಳುವುದಕ್ಕೆ ಏನೂ ಬಾಧಕವಿಲ್ಲ.

ಎರಡನೆಯದರಲ್ಲಿ ನಮ್ಮ ರೂಟರು ಕೇವಲ ವೈಫೈ ಹರಡುವ ಕೆಲಸ ಮಾಡುತ್ತದೆ. ಹಂಚಿಕೆಯ ಯಜಮಾನಿಕೆ ಹಳೆಯ ಪೆಟ್ಟಿಗೆಯದೇ. ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ತಿರುಗಿಸಿದರೆ ಸಾಕು. ದೊಡ್ಡ ಮನೆಗಳಿಗೆ ಇದೇ ಉತ್ತಮವೆಂದು ನನ್ನ ಅನುಭವ. ನಮ್ಮದು ತೋಟದ ನಡುವಿನ ಹಳೆಯ ಮನೆ. ಗೋಡೆಗಳು ಮಣ್ಣಿನವು, ಒಂದೂವರೆ ಅಡಿ ದಪ್ಪ. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದ ನಮ್ಮ ಅಕ್ಕನಿಗೆ ಒಳಕೋಣೆಯಲ್ಲಿ ಪಾಠದ ವೀಡಿಯೋ ನಿಂತುನಿಂತು ಬರುತ್ತಿತ್ತು. ರಾತ್ರಿಯ ಚಳಿಯಲ್ಲಿ ಅವಳು ಜಗಲಿಗೆ ಬಂದು ಕೂರಬೇಕಾಗಿತ್ತು. ೫ ಗಿಗಾಹರ್ಟ್ಸ್ ವೈಫೈ ವೇಗವಾದುದಾದರೂ ದಪ್ಪ ಗೋಡೆಯನ್ನು ದಾಟುವ ಶಕ್ತಿ ಅದಕ್ಕೆ ಕಡಿಮೆ, ೨.೪ ಗಿಗಾಹರ್ಟ್ಸ್ ನಿಧಾನ, ಆದರೆ ಹೆಚ್ಚು ದೂರ ಹೋಗುವುದು. ಹಾಗಾಗಿ ಅಟ್ಟದ ಮೇಲಿಂದ ‘ಕ್ಯಾಟ್ ೫-ಇ’ ಕೇಬಲನ್ನು ಎಳೆದು ಅಕ್ಕನ ಕೋಣೆಯಲ್ಲಿಯೇ ರೂಟರನ್ನು ಇರಿಸಿದೆ. ಈ ಕೇಬಲು ೧೦೦ ಮೀಟರಿನವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನು ಒಯ್ಯಬಲ್ಲುದು. ಅಂದಿನಿಂದ ಅವಳ ಓದು ಕೋಣೆಯಲ್ಲಿಯೇ ಸಾಗಿತು.

ಮೂರನೆಯದು ‘ಬ್ರಿಡ್ಜ್’ ಎಂಬ ಪೂರ್ಣ ಸ್ವಾತಂತ್ರ್ಯದ ಮಾರ್ಗ. ಇಲ್ಲಿ ಓ.ಎನ್.ಟಿ.ಯು ಬೆಳಕನ್ನು ಮಾರ್ಪಡಿಸುವುದಷ್ಟನ್ನೇ ಮಾಡಿ ಸುಮ್ಮನಿರುತ್ತದೆ. ಉಳಿದುದೆಲ್ಲ ನಮ್ಮ ರೂಟರಿನ ಹೊಣೆ. ಬಿ.ಎಸ್.ಎನ್.ಎಲ್.ನ ಭಾರತ್ ಫೈಬರ್ ಸಂಪರ್ಕದಲ್ಲಿ ಪಿ.ಪಿ.ಪಿ.ಓ.ಇ. ಎಂಬ ವಿಧಾನದಿಂದ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಹೋಗಬೇಕು. ಆದುದರಿಂದ ಸಂಪರ್ಕ ಕೊಟ್ಟ ಸ್ಥಳೀಯ ಪಾಲುದಾರರಲ್ಲಿ ಮೂರು ಸಂಗತಿಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವಿ-ಲ್ಯಾನ್ ಸಂಖ್ಯೆ. ಈ ಸಂಖ್ಯೆ ಊರಿಂದೂರಿಗೆ ಬೇರೆಯಾಗಬಹುದಾದ್ದರಿಂದ ಇನ್ನೊಬ್ಬರದನ್ನು ನಕಲು ಮಾಡುವುದು ಸಲ್ಲದು. ‘ಎಂ.ಟಿ.ಯು.’ ಎಂಬಲ್ಲಿ ೧೪೯೨ ಎಂದು ತುಂಬಬೇಕು. ಸಾಮಾನ್ಯವಾಗಿ ಒಂದು ಕಂತಿನಲ್ಲಿ ೧೫೦೦ ಬೈಟುಗಳು ಹೋಗುತ್ತವೆ. ಅದರಲ್ಲಿ ೮ ಬೈಟುಗಳನ್ನು ಪಿ.ಪಿ.ಪಿ.ಓ.ಇ. ತನ್ನ ಮೇಲ್ವಿಳಾಸಕ್ಕೆಂದು ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಇನ್ನು, ಮನೆಯ ಸ್ಥಿರ ದೂರವಾಣಿಯೂ ಓ.ಎನ್.ಟಿ.ಗೇ ಸೇರಿದ್ದರೆ ಅದರ ವ್ಯವಸ್ಥೆಯನ್ನು ಹಾಗೆಯೇ ಉಳಿಸಿ, ಅಂತರ್ಜಾಲವನ್ನು ಮಾತ್ರ ಬ್ರಿಡ್ಜ್‌ಗೆ ಹಾಕಿಕೊಡುವಂತೆ ಹೇಳಬೇಕು. ಇಲ್ಲವಾದರೆ ಮನೆಯ ಹಿರಿಯರ ಫೋನು ಮೂಕವಾದೀತು!

ಈ ವಿವರಗಳನ್ನು ಕೇಳುವುದಕ್ಕೆ ಸಂಕೋಚ ಪಡಬೇಕಾದುದಿಲ್ಲ. ಜರ್ಮನಿ ದೇಶದಲ್ಲಿ ೨೦೧೬ರ ಆಗಸ್ಟ್ ೧ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ತನ್ನ ಇಚ್ಛೆಯ ರೂಟರನ್ನು ಬಳಸುವ ಹಕ್ಕು ಗ್ರಾಹಕನದು. ಅದಕ್ಕೆ ಬೇಕಾದ ವಿವರಗಳನ್ನು ಕಂಪೆನಿಯು ತಾನಾಗಿ ಕೊಡಬೇಕು. ನಮ್ಮಲ್ಲಿಯಾದರೋ ವಿನಯದಿಂದ ಕೇಳಿದರೆ ಕೊಡುವವರು ಉಂಟು. ಕೇಳುವವನಿಗೆ ಏನು ಕೇಳಬೇಕೆಂಬುದು ಗೊತ್ತಿರಬೇಕು, ಅಷ್ಟೆ.

ಮಲೆನಾಡಿನವರು ಗಮನಿಸಬೇಕಾದ ಕೆಲವು ಮಾತುಗಳುಂಟು. ಗಾಜಿನಲ್ಲಿ ವಿದ್ಯುತ್ತು ಹರಿಯದು ನಿಜ. ಆದರೆ ಮನೆಗೆ ಬರುವ ಕೇಬಲಿನಲ್ಲಿ ಬಲಕ್ಕಾಗಿ ಉಕ್ಕಿನ ತಂತಿ ಇರುವುದುಂಟು, ಪೆಟ್ಟಿಗೆಗಳ ಪ್ಲಗ್ಗಂತೂ ಕರೆಂಟಿಗೇ ಸೇರಿರುತ್ತದೆ. ಆದ್ದರಿಂದ ಗುಡುಗು ಕೇಳಿದೊಡನೆ ಎರಡೂ ಪೆಟ್ಟಿಗೆಗಳ ಪ್ಲಗ್ಗನ್ನು ಕೀಳುವುದು ಕ್ಷೇಮ. ಬರಿಯ ಮಳೆಗೆ ಕರೆಂಟು ಹೋದರೆ, ೧೨ ವೋಲ್ಟಿನ ಚಿಕ್ಕ ಯುಪಿಎಸ್ ಒಂದರಿಂದ ಕೆಲವು ಗಂಟೆ ನಡೆಸಬಹುದು. ಅದು ಎರಡು ಪೆಟ್ಟಿಗೆಗಳನ್ನೂ ಹೊರುವಂಥದಾಗಿರಲಿ. ಫೈಬರಿನ ತುದಿಯನ್ನು ಎಂದಿಗೂ ಬಿಚ್ಚಬಾರದು. ಒಂದು ಕಣ ಧೂಳು ಕುಳಿತರೂ ಬೆಳಕಿನ ದಾರಿ ಮುಚ್ಚುವುದು. ಅದರೊಳಕ್ಕೆ ಕಣ್ಣಿಟ್ಟು ನೋಡಲೂಬಾರದು. ಆ ಬೆಳಕು ಕಣ್ಣಿಗೆ ಕಾಣದು, ಅಪಾಯ ಮಾತ್ರ ತಪ್ಪದು. ಹೊಸ ರೂಟರಿನ ಒಳಗಿನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ವೈಫೈಗೆ ‘ಡಬ್ಲ್ಯು.ಪಿ.ಎ.೨’ ಅಥವಾ ‘೩’ ರಕ್ಷಣೆಯನ್ನು ಹಾಕುವುದು ಅವಶ್ಯ.

ಈ ತಿಳುವಳಿಕೆಯಿಂದ ಆಗುವ ದೊಡ್ಡ ಪ್ರಯೋಜನವು ಸಂಪರ್ಕ ನಿಂತಾಗ ಕಾಣುತ್ತದೆ. ಓ.ಎನ್.ಟಿ.ಯಲ್ಲಿ ‘ಎಲ್.ಓ.ಎಸ್.’ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲವೆಂದರ್ಥ. ಎಲ್ಲಿಯೋ ಮರ ಬಿದ್ದು ಕೇಬಲು ಹರಿದಿರಬಹುದು. ಆಗ ರೂಟರನ್ನು ಎಷ್ಟು ತಡಕಿದರೂ ವ್ಯರ್ಥ, ದೂರು ಕೊಡುವುದೇ ದಾರಿ. ‘ಪಾನ್’ ದೀಪ ಸ್ಥಿರವಾಗಿದ್ದು ಒಳಹೋಗಲು ಮಾತ್ರ ಆಗದಿದ್ದರೆ ಪಾಸ್‌ವರ್ಡನ್ನೋ, ಬಾಕಿ ಹಣವನ್ನೋ ವಿಚಾರಿಸಬೇಕು. ಕೇಬಲು ಸಿಕ್ಕಿಸಿದ ಕಂಪ್ಯೂಟರಿನಲ್ಲಿ ಬಂದು ಫೋನಿನಲ್ಲಿ ಬಾರದಿದ್ದರೆ ದೋಷ ನಮ್ಮ ವೈಫೈಯದು. ಹೀಗೆ ಎಲ್ಲೆಯನ್ನು ಅರಿತವನು ಆಷಾಢದ ಮಳೆಯಲ್ಲಿ ಲೈನ್‌ಮನ್ನರನ್ನು ವೃಥಾ ಕರೆಯಿಸುವುದಿಲ್ಲ. ಕರೆಯಬೇಕಾದಾಗ ತಡಮಾಡುವುದೂ ಇಲ್ಲ.

ಅರ್ಜಿಯ ಕೊನೆಯ ದಿನ ಸಂಪರ್ಕವಿಲ್ಲದೆ ವಿದ್ಯಾರ್ಥಿವೇತನ ತಪ್ಪುವುದು ಬಡ ವಿದ್ಯಾರ್ಥಿಗೆ ಸಣ್ಣ ನಷ್ಟವಲ್ಲ. ಯಂತ್ರವನ್ನು ಕೊಂಡರಷ್ಟೇ ಅದು ನಮ್ಮದಾಗದು. ಅದರ ವ್ಯವಹಾರ ತಿಳಿದಾಗಲೇ ನಮ್ಮದು. ಕಲಾ ವಿದ್ಯಾರ್ಥಿಗಳಿಗೆ ಇದು ಸಂಬಂಧಿಸಿದ್ದಲ್ಲವೆಂಬ ಭಾವನೆಯನ್ನು ತೊರೆದು, ಸಹಪಾಠಿಗಳು ಮೊದಲು ತಮ್ಮ ಮನೆಯ ಪೆಟ್ಟಿಗೆಯ ದೀಪಗಳನ್ನು ಓದಲು ಕಲಿಯಲಿ, ಬಳಿಕ ನೆರೆಮನೆಯವರಿಗೂ ಕಲಿಸಲಿ ಎಂಬುದೇ ನನ್ನ ಬಿನ್ನಹ.