‘ಗಿವ್ ಅಪ್’ ಎಂದರೆ ಮೇಲಕ್ಕೆ ಕೊಡುವುದಲ್ಲ

ಹತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದು ವಾಕ್ಯ ನಮ್ಮ ಕಣ್ಣಿಗೆ ಬಿತ್ತು. ‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂಬುದಕ್ಕೆ ಹುಡುಗನೊಬ್ಬ ‘ಅವನು ಹೊಗೆಯನ್ನು ಮೇಲಕ್ಕೆ ಕೊಟ್ಟನು’ ಎಂದು ಬರೆದಿದ್ದ. ನಗು ಬಂದದ್ದು ನಿಜ. ಆದರೆ ತಪ್ಪು ಹುಡುಗನದು ಮಾತ್ರವಲ್ಲ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ ಎಂದು ಬೇರೆ ಬೇರೆಯಾಗಿ ಬಾಯಿಪಾಠ ಮಾಡಿಸಿದವರು ನಾವೇ ಅಲ್ಲವೇ?

ಇಂಗ್ಲಿಷಿನಲ್ಲಿ ಇಂಥ ಜೋಡಿ ಮಾತುಗಳು ಹೇರಳ. ‘ಫ್ರೇಸಲ್ ವರ್ಬ್’ ಎಂದು ಇವುಗಳ ಹೆಸರು. ಎರಡು ಚಿಕ್ಕ ಪದಗಳು ಕೂಡಿ ಮೂರನೆಯದೇ ಒಂದು ಅರ್ಥವನ್ನು ಕೊಡುತ್ತವೆ. ಇದು ನಮ್ಮ ಮಕ್ಕಳಿಗೆ ಹೊಸತೇನಲ್ಲ. ‘ಗೆಳೆಯ ಕೈಕೊಟ್ಟ’ ಎಂದರೆ ಮೋಸ ಮಾಡಿದನೆಂದು ಅವರು ಕೂಡಲೇ ತಿಳಿಯುತ್ತಾರೆ. ‘ಕೈಬಿಡು’ ಎಂಬುದೂ ಹಾಗೆಯೇ. ನೆರೆಯ ಮಲಯಾಳದಲ್ಲಿಯೂ ‘ಕೈವಿಡುಕ’ ಎಂಬ ಮಾತುಂಟು. ‘ಗಿವ್ ಅಪ್’ ಎಂಬುದಕ್ಕೆ ತೀರ ಹತ್ತಿರದ ನೆಂಟ ಈ ‘ಕೈಬಿಡು’.

ಇದರ ಅರ್ಥಗಳನ್ನು ನೋಡೋಣ. ಮೊದಲನೆಯದು, ಅಭ್ಯಾಸವನ್ನು ಬಿಡುವುದು. ಮೇಲಿನ ವಾಕ್ಯದಲ್ಲಿರುವುದು ಅದೇ. ಎರಡನೆಯದು, ತನ್ನದನ್ನು ಬಿಟ್ಟುಕೊಡುವುದು. ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಟ್ಟರೆ ಅದು ‘ಗಿವ್ ಅಪ್’. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವನ್ನು ಪ್ರತಿಭಟಿಸಿ 1919ರಲ್ಲಿ ರವೀಂದ್ರನಾಥ ಟಾಗೋರರು ‘ಸರ್’ ಪದವಿಯನ್ನು ತ್ಯಜಿಸಿದ್ದೂ ‘ಗಿವ್ ಅಪ್’. ಮೂರನೆಯದು, ಪ್ರಯತ್ನವನ್ನು ನಿಲ್ಲಿಸುವುದು. ಒಗಟಿಗೆ ಉತ್ತರ ತೋಚದೆ ಮಕ್ಕಳು ‘ಸೋತೆ’ ಎನ್ನುವಲ್ಲಿ ಇಂಗ್ಲಿಷಿನವರು ‘ಐ ಗಿವ್ ಅಪ್’ ಎನ್ನುತ್ತಾರೆ. ನಾಲ್ಕನೆಯದು, ಶರಣಾಗುವುದು. ಕಳ್ಳ ತಾನಾಗಿ ಪೊಲೀಸರಿಗೆ ಶರಣಾದರೆ ‘ಹಿ ಗೇವ್ ಹಿಮ್‌ಸೆಲ್ಫ್ ಅಪ್’.

ಪರೀಕ್ಷೆಗೆ ಕುಳಿತುಕೊಳ್ಳುವವರು ಎರಡು ನಿಯಮಗಳನ್ನು ನೆನಪಿಡಬೇಕು. ‘ಗಿವ್ ಅಪ್’ ಆದಮೇಲೆ ಬರುವ ಕ್ರಿಯಾಪದ ‘ಇಂಗ್’ ರೂಪದಲ್ಲಿರಬೇಕು. ‘ಗೇವ್ ಅಪ್ ಸ್ಮೋಕಿಂಗ್’ ಸರಿ, ‘ಗೇವ್ ಅಪ್ ಟು ಸ್ಮೋಕ್’ ತಪ್ಪು. ‘ಇಟ್’, ‘ದೆಮ್’ ಮುಂತಾದ ಸರ್ವನಾಮಗಳು ನಡುವೆ ಬರಬೇಕು. ‘ಗಿವ್ ಇಟ್ ಅಪ್’ ಸರಿ, ‘ಗಿವ್ ಅಪ್ ಇಟ್’ ತಪ್ಪು. ‘ಗಿವ್ ಇನ್’ ಎಂಬುದು ಬೇರೆ. ಒತ್ತಾಯಕ್ಕೆ ಮಣಿಯುವುದೆಂದು ಅದರ ಅರ್ಥ.

ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಇಂಗ್ಲಿಷ್ ಹತ್ತದು ಎಂಬ ಭಯ ನಮ್ಮ ಹೆತ್ತವರಲ್ಲಿ ಬೇರೂರಿದೆ. ಅದರಿಂದ ಬೆಂಚುಗಳು ಬರಿದಾಗುತ್ತಿರುವುದನ್ನು ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ಉತ್ತರಪತ್ರಿಕೆ ಕೊಟ್ಟ ದಿನ ಆ ಹುಡುಗನನ್ನು ಕರೆದು ‘ಕೈಬಿಡು’ ಎಂಬ ಮಾತಿನಿಂದಲೇ ಆರಂಭಿಸಿ ವಿವರಿಸಿದೆವು. ಹತ್ತು ನಿಮಿಷ ಸಾಕಾಯಿತು. ಸ್ವಂತ ವಾಕ್ಯವೊಂದನ್ನು ಬರೆ ಎಂದಾಗ, ತನ್ನ ಅಜ್ಜ ಬೀಡಿ ಬಿಟ್ಟ ಸಂಗತಿಯನ್ನು ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಬರೆದು ತೋರಿಸಿದ.

ಹೆತ್ತವರಲ್ಲಿ ನಮ್ಮದೊಂದು ಅರಿಕೆ. ಸಂಜೆ ಮಕ್ಕಳು ಓದಲು ಕುಳಿತಾಗ ದಿನಕ್ಕೊಂದು ಇಂಥ ಜೋಡಿ ಮಾತನ್ನು ತೆಗೆದುಕೊಂಡು, ಅದಕ್ಕೆ ನಮ್ಮ ಮನೆಮಾತಿನಲ್ಲಿ ಏನನ್ನುತ್ತೇವೆಂದು ಕೇಳಿರಿ. ಇಂಗ್ಲಿಷ್ ಬರಬೇಕೆಂದು ಕನ್ನಡವನ್ನು ಕೈಬಿಡಬೇಕಾಗಿಲ್ಲ.