ನೆಲ-ಜಲ ಕಾಯುವುದೂ ಒಂದು ವೃತ್ತಿ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಆದರೂ ಮಾರ್ಚ್ ತಿಂಗಳಾಗುವಾಗ ಅನೇಕ ಅಡಿಕೆ ತೋಟಗಳಿಗೆ ನೀರು ಸಾಲದು. ಆದುದರಿಂದ ಮಣ್ಣು ಮತ್ತು ನೀರಿನ ಸಂರಕ್ಷಣೆ ಬಲ್ಲವರಿಗೆ ಇಲ್ಲಿ ಕೆಲಸವುಂಟು. ಓದಿದ ಯುವಕ ಯುವತಿಯರು ಇದನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದು.

ಸ್ವಂತ ಜಮೀನೇ ಮೊದಲ ಪಾಠಶಾಲೆ. ಮಳೆಗಾಲದಲ್ಲಿ ಗುಡ್ಡದ ನೀರು ಹರಿಯುವ ದಾರಿಗಳನ್ನು ಗುರುತು ಮಾಡಿಕೊಳ್ಳಿರಿ. ಸಮಪಾತಳಿ ರೇಖೆ ಕಂಡುಹಿಡಿಯಲು ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಅದರ ತುದಿಗಳನ್ನು ಅಳತೆ ಗುರುತಿಸಿದ ಎರಡು ಕೋಲುಗಳಿಗೆ ಕಟ್ಟಿ, ಎರಡರಲ್ಲೂ ನೀರು ಒಂದೇ ಅಳತೆಗೆ ನಿಂತ ಕಡೆ ಗೂಟ ಹೊಡೆಯಬೇಕು. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಹಾಕುವ ಹಿರಿಯರ ಜೊತೆ ದುಡಿದು ಕಲಿಯಿರಿ.

ಇಂಗುಗುಂಡಿ ಎಲ್ಲ ಕಡೆಗೂ ತಕ್ಕುದಲ್ಲ. ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದಿನ ಬರೆಯ ಮೇಲೆ ನೀರು ಇಂಗಿಸಿದರೆ ಮಣ್ಣು ನೆನೆದು ಜರಿಯಬಹುದು. ಅಂಥಲ್ಲಿ ನೀರನ್ನು ಬಸಿಗಾಲುವೆಯ ಮೂಲಕ ತೋಡಿಗೆ ಬಿಡುವುದೇ ಕ್ಷೇಮ. 2018ರ ಆಗಸ್ಟ್‌ನಲ್ಲಿ ಸುಳ್ಯದ ಗಡಿಯಾಚೆ, ಜೋಡುಪಾಲದಲ್ಲಿ ಗುಡ್ಡ ಕುಸಿದು ಜೀವಹಾನಿಯಾದುದನ್ನು ಮರೆಯಬಾರದು.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ನಾಲ್ಕು ವರ್ಷಗಳ ಬಿ.ಎಸ್ಸಿ. ಪದವಿಯೂ, ರಾಯಚೂರಿನಲ್ಲಿ ಕೃಷಿ ಇಂಜಿನಿಯರಿಂಗ್ ಶಿಕ್ಷಣವೂ ಉಂಟು. ಮುಂದೆ ಅರಣ್ಯ ಇಲಾಖೆ ಹಾಗೂ ಜಲಾನಯನ ಯೋಜನೆಗಳ ಹುದ್ದೆಗಳಿಗೆ ಪ್ರಯತ್ನಿಸಬಹುದು.

ಪದವಿ ಪಡೆದವರಿಗೂ ಗುಡ್ಡದ ಪಾಠ ತಪ್ಪಿದ್ದಲ್ಲ. ನೀರನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂದು ತಿಳಿದವರ ಮಾತನ್ನೇ ರೈತರು ನಂಬುತ್ತಾರೆ.